ಗೋಧಿ ಬೀಸಿದ ಕಲ್ಲಿನಲ್ಲಿ ಮನೆ ರಾಗಿ

ತಂಗೀ ಯಶೋದಾ,

ನಿನ್ನ ಮಗಳು ಸುಮ ಬೆಳಿಗ್ಗೆ ಹತ್ತು ಗಂಟೆಗೆ ಹೊಸೂರಿಗೆ ಹೋದಳು, ರಕ್ತದ ರಿಪೋರ್ಟು ತರೋದಕ್ಕೆ. ನಾನೂ ಬರುತ್ತೇನೆ ಅಂತ ಚಪ್ಪಲಿ ಮೆಟ್ಟಿದ್ದೆ. "ನೀನ್ ಬ್ಯಾಡ ಮಾವ. ಹೋದ್ಸಲ ಲ್ಯಾಬ್‌ನಾಗೆ ಆ ಹುಡುಗೀನ ಅಳಿಸ್ಬುಟ್ಟೆ. ಇಲ್ಲೇ ಕೂತ್ಕೋ" ಅಂದಳು. ಕೂತಿದ್ದೇನೆ. ಕೂತಿದ್ದೇನೆ ಅಂದರೆ ಏನು, ಇಷ್ಟರಲ್ಲಿ ಮೂರು ಸಲ ಬಸ್ಸು ನಿಲ್ಲುವ ಕಡೆ ಹೋಗಿ ಬಂದೆ. ರಿಪೋರ್ಟು ಕೈಗೆ ಸಿಗುವುದೇ ಮಧ್ಯಾಹ್ನದ ಮೇಲೆ ಅಂತ ಗೊತ್ತು. ಗೊತ್ತಿದ್ದರೇನು, ಕಾಲು ಕೇಳಬೇಕಲ್ಲ. ಹಿಟ್ಟಿನ ಮಿಷನ್ ನಿಲ್ಲಿಸಿ, ರಾಗಿ ಮೂಟೆಯ ಮೇಲೆ ಕೂತು, ಅವಳ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಐದನೇ ಕ್ಲಾಸಿಗೆ ಬಿಟ್ಟವನ ಅಕ್ಷರ, ನೀನು ನಗುತ್ತಿದ್ದೆ. ನಗು.

ಆ ರಿಪೋರ್ಟಿನಲ್ಲಿ ಒಂದು ಅಂಕಿ ಇಳಿದಿರಬೇಕು. ಇಳಿದಿದ್ದರೆ ನಿನ್ನ ಮಗಳು ನಿಜ ಹೇಳಿದಳು, ತಪ್ಪು ನನ್ನದು ಅಂತ ಆಗುತ್ತದೆ. ಇಳಿಯದೆ ಹೋದರೆ ಅವಳ ಗಂಡನ ಮನೆಯವರು ಹೇಳಿದ್ದೇ ಊರೆಲ್ಲ ನಿಲ್ಲುತ್ತದೆ, ಅವಳು ಕದ್ದು ತಿನ್ನುತ್ತಾಳೆ ಅಂತ. ತಪ್ಪು ನನ್ನದೇ ಆಗಿರಲಪ್ಪ ಅಂತ ಬೇಡಿಕೊಂಡು ಕಾಯುತ್ತಿರುವವನು ಈ ಬಾಗಲೂರಿನಲ್ಲಿ ನಾನೊಬ್ಬನೇ ಇರಬೇಕು. ಎಲ್ಲವನ್ನೂ ಮೊದಲಿಂದ ಹೇಳದಿದ್ದರೆ ನಿನಗೆ ಗೊತ್ತಾಗುವುದಿಲ್ಲ.

ನಿನಗೆ ಹದಿನಾಲ್ಕು ವರ್ಷ ಇರುವಾಗ ಕೃಷ್ಣಗಿರಿಯಿಂದ ಬಸ್ಸಿನಲ್ಲಿ ಬಂದೆವಲ್ಲ, ಮೊದಲನೇ ಇನ್ಸುಲಿನ್ ಸೂಜಿ ಹಾಕಿಸಿಕೊಂಡು. ಕಿಟಕಿ ಪಕ್ಕ ಕೂತು ನೀನು, "ಅಣ್ಣಾ, ಇದು ಎಷ್ಟು ದಿನ ಹಾಕ್ಕೋಬೇಕು?" ಅಂದೆ. ನಾನು "ಒಂದ್ ತಿಂಗ್ಳು" ಅಂದೆ. ನನಗೇನು ಗೊತ್ತಿತ್ತು? ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ ಬೇರೆ, ಮುದುಕರಿಗೆ ಬರುವುದು ಬೇರೆ ಅಂತ ಆಗ ಯಾರು ಹೇಳಿದರು? ಔಷಧಿ ಅಂಗಡಿಯವನು ಮಾತ್ರ ಒಂದು ಮಾತು ಹೇಳಿ ಕಳಿಸಿದ, ಅನ್ನ ಬೇಡ, ಮುದ್ದೆಯೂ ಬೇಡ, ಚಪಾತಿ ಕೊಡಿ ಅಂತ. ಮೂರು ಹೊತ್ತೂ ಮುದ್ದೆ ಉಣ್ಣುವ ಮನೆಯಲ್ಲಿ ನಿನಗೊಬ್ಬಳಿಗೆ ಚಪಾತಿ. ಹಬ್ಬಕ್ಕೆ ಕೂಡ ಗೋಧಿ ಕಾಣದ ಅಮ್ಮ ಅದನ್ನು ಲಟ್ಟಿಸಲು ಕಲಿತಳು. ನಾನು ಆಗಿನ್ನೂ ಹೊಸದಾಗಿ ಹಾಕಿದ್ದ ಈ ಹಿಟ್ಟಿನ ಮಿಷನ್ನಲ್ಲಿ ನಿನಗೋಸ್ಕರ ಒಳ್ಳೆಯ ಗೋಧಿ ತರಿಸಿ, ನಾನೇ ಬೀಸಿ, ಬಿಸಿ ಹಿಟ್ಟು ತಂದು ಕೊಡುತ್ತಿದ್ದೆ. ತಂಗಿಗೆ ಎಷ್ಟು ಮಾಡ್ತಾನೆ ನೋಡು ಅಂತ ಜನ ಅನ್ನುವುದು ಕಿವಿಗೆ ಬೀಳುತ್ತಿತ್ತು, ಸುಳ್ಳು ಯಾಕೆ, ಅದು ನನಗೆ ಇಷ್ಟವೂ ಆಗುತ್ತಿತ್ತು.

ಒಂದು ದಿನ ಅಡಿಗೆಮನೆ ಬಾಗಿಲಲ್ಲಿ ನಿಂತು ನೀನು "ನಂಗೂ ಒಂದ್ ಮುದ್ದೆ ಕೊಡಣ್ಣ. ಇದ್ ತಿಂದ್ರೆ ಹೊಟ್ಟೆ ಉಬ್ಬರಿಸ್ತದೆ" ಅಂದದ್ದು ನೆನಪಿದೆ. ನಾನು ಏನಂದೆ? "ನಾಲ್ಗೆ ಚಪಲ ನಿಂಗೆ. ಎಲ್ಲಾರ್ ತಟ್ಟೆ ಮೇಲೂ ಕಣ್ಣು" ಅಂದೆ. ಹೊಟ್ಟೆ ಉಬ್ಬರ, ಭೇದಿ, ಮೈಯಲ್ಲಿ ರಕ್ತ ಇಲ್ಲದ ಬಿಳಿಚು, ಎಲ್ಲಕ್ಕೂ ನಮ್ಮ ಮನೆಯಲ್ಲಿ ಒಂದೇ ಹೆಸರು ಇತ್ತು, ಶುಗರ್. ಏನೇ ಆದರೂ ಶುಗರಿಂದಲೇ. ನೀನು ಒಣಗುತ್ತಾ ಹೋದೆ. ನಾನು ಚಪಾತಿ ಎರಡಿದ್ದದ್ದನ್ನು ಮೂರು ಮಾಡಿಸಿದೆ.

ಗಂಡನನ್ನು ಕಳೆದುಕೊಂಡು, ಎರಡು ವರ್ಷದ ಸುಮಳನ್ನು ಸೊಂಟದಲ್ಲಿಟ್ಟುಕೊಂಡು ನೀನು ಮತ್ತೆ ನಮ್ಮ ಮನೆಗೇ ಬಂದ ಮೇಲೆ ಬೀಳುವುದು ಶುರುವಾಯಿತು. ಸೂಜಿ ಹಾಕಿಕೊಳ್ಳುತ್ತಿದ್ದೆ, ಊಟ ಮಾಡುತ್ತಿದ್ದೆ, ಆದರೂ ಅರ್ಧ ಗಂಟೆಗೆ ಬೆವರು ಕಿತ್ತುಕೊಂಡು, ಕೈ ನಡುಗಿ, ಗೋಡೆ ಹಿಡಿದು ಜಾರಿಬಿಡುತ್ತಿದ್ದೆ. ಶುಗರ್ ಏಕಾಏಕಿ ಕೆಳಗೆ ಬಿದ್ದಿರುತ್ತಿತ್ತು. ಊಟ ಮಾಡಿದವಳಿಗೆ ಹೇಗೆ ಬೀಳುತ್ತದೆ? ಲೆಕ್ಕ ಸುಲಭ ಅಂತ ನಾನು ಅಂದುಕೊಂಡೆ. ಸೂಜಿ ಹಾಕಿಕೊಂಡು ಊಟ ಬಿಸಾಕುತ್ತಾಳೆ. "ಉಂಡೆ ಅಣ್ಣ" ಅಂದೆ ನೀನು. "ಎಲ್ಲುಂಡೆ? ಹಿತ್ಲಾಗಿನ್ ನಾಯಿ ಉಣ್ತು" ಅಂದೆ ನಾನು. ಒಂದು ದಿನ ನಿನ್ನನ್ನು ಎದುರಿಗೆ ಕೂರಿಸಿಕೊಂಡು, ಮೂರು ಚಪಾತಿ ಮುಗಿಯುವವರೆಗೂ ಕಣ್ಣು ಕೀಳದೆ ನೋಡಿದೆ. ನೀನು ಮುಗಿಸಿದೆ. ತಟ್ಟೆ ಎತ್ತಿ ತೋರಿಸಿದೆ ಕೂಡ, ಸ್ಕೂಲು ಹುಡುಗಿಯ ಹಾಗೆ. ಆಮೇಲೂ ಬಿದ್ದೆ. ಆಗಲಾದರೂ ನನಗೆ ಅರ್ಥವಾಗಬೇಕಿತ್ತಲ್ಲವಾ? ನನ್ನ ಕಣ್ಣಲ್ಲಿ ನಾನೇ ನೋಡಿದ್ದೆ. ಆದರೆ ನಾನು ನಿನ್ನ ಅತ್ತಿಗೆಗೆ ಹೇಳಿದೆ, "ಬಚ್ಚಲಿಗೆ ಹೋಗಿ ಬೆರಳಾಕಿ ಕಕ್ಕವ್ಳೆ ಕಣೇ" ಅಂತ. ನೀನು ಆ ಮಾತು ಕೇಳಿಸಿಕೊಂಡಿದ್ದೆ. ಅವತ್ತಿನಿಂದ ನನ್ನ ಹತ್ತಿರ ಉಂಡೆ ಅಂತಲೂ ಹೇಳಲಿಲ್ಲ, ಉಣ್ಣಲಿಲ್ಲ ಅಂತಲೂ ಹೇಳಲಿಲ್ಲ.

ನೀನು ಹೋದ ದಿನ ಮಧ್ಯಾಹ್ನ ನಾನು ಮಿಷನ್ನಲ್ಲೇ ಇದ್ದೆ. ನಿನ್ನ ಅತ್ತಿಗೆ ಓಡಿ ಬಂದು ಬಾಗಿಲಲ್ಲಿ ನಿಂತಳು, ಮಿಷನ್ ಸದ್ದಿಗೆ ಅವಳ ಮಾತು ಕೇಳಲಿಲ್ಲ, ಬಾಯಿ ಆಡಿಸುವುದಷ್ಟೇ ಕಾಣಿಸಿತು. ಆಮೇಲಿನದನ್ನು ಬರೆಯುವುದಿಲ್ಲ. ನಿನಗೇ ಗೊತ್ತು. ಗೊತ್ತಿಲ್ಲದ್ದು ಹನ್ನೊಂದನೇ ದಿನದ್ದು. ನೆಂಟರೆಲ್ಲ ಸೇರಿದ್ದರು. ಹೆಂಗಾಯ್ತು, ಹೆಂಗಾಯ್ತು ಅಂತ ಪ್ರತಿಯೊಬ್ಬರೂ ಕೇಳುತ್ತಿದ್ದರು. ನಾನು ಎಲ್ಲರಿಗೂ ಕೇಳುವ ಹಾಗೆ, "ಸೂಜಿ ಹಾಕ್ಕಂಡು ಉಣ್ದೆ ಸತ್ಲು. ಎಷ್ಟೇಳುದ್ರೂ ಕೇಳ್ಲಿಲ್ಲ" ಅಂದೆ. ಹತ್ತೊಂಬತ್ತು ವರ್ಷದ ನಿನ್ನ ಮಗಳು ನೀರಿನ ಚೊಂಬು ಹಿಡಿದು ಅಲ್ಲೇ ನಿಂತಿದ್ದಳು.

ಸುಮ ಫ್ಯಾಕ್ಟರಿಯಲ್ಲಿ ತಲೆ ತಿರುಗಿ ಬಿದ್ದಳು ಅಂತ ಫೋನ್ ಬಂದದ್ದು ಹೋದ ವರ್ಷ. ಅವಳನ್ನು ತೊರಪಲ್ಲಿ ಅಗ್ರಹಾರಕ್ಕೆ ಕೊಟ್ಟಿದ್ದೇನೆ, ಹುಡುಗನ ಹೆಸರು ಲೋಕೇಶ, ಅವನೂ ಹೊಸೂರಿನಲ್ಲಿ ಅದೇ ಫ್ಯಾಕ್ಟರಿ. ಹುಡುಗ ಕೆಟ್ಟವನಲ್ಲ, ಅಮ್ಮನ ಮುಂದೆ ಬಾಯಿ ಬಿಡುವುದಿಲ್ಲ ಅಷ್ಟೇ. ಸುಮಳಿಗೆ ಮದುವೆಗೆ ಮೊದಲೇ ಥೈರಾಯ್ಡ್ ಬಂದಿತ್ತು, ದಿನಾ ಮಾತ್ರೆ. ವರ್ಷ ವರ್ಷ ಮಾತ್ರೆಯ ಪವರು ಏರಿಸುತ್ತಲೇ ಹೋದರು, ಅದು ಮಾತ್ರ ಹತೋಟಿಗೆ ಬರಲಿಲ್ಲ. ರಕ್ತ ಇಲ್ಲ ಅಂದರು, ಕಬ್ಬಿಣದ ಮಾತ್ರೆ ಕೊಟ್ಟರು, ಅದೂ ಎಲ್ಲಿ ಹೋಯಿತೋ. ಎರಡು ಸಲ ಹೊಟ್ಟೆಯಲ್ಲಿ ನಿಂತು, ಎರಡು ಸಲವೂ ಮೂರನೇ ತಿಂಗಳಲ್ಲಿ... ಬಿಡು. ನೀನಿದ್ದಿದ್ದರೆ ಅವಳು ನಿನ್ನ ಮಡಿಲಲ್ಲಿ ಮಲಗಿ ಅಳುತ್ತಿದ್ದಳು. ನನ್ನ ಹತ್ತಿರ ಬಂದು ಯಾರು ಅಳುತ್ತಾರೆ?

ಹೊಸೂರಿನ ಡಾಕ್ಟರಮ್ಮ ತಮಿಳಿನವರು, ನಮ್ಮ ಕನ್ನಡದಲ್ಲಿ ಸುಮಾರಾಗಿ ಮಾತಾಡುತ್ತಾರೆ. ಅವರು ಸುಮಳ ಚೀಟಿಗಳನ್ನೆಲ್ಲ ಹರಡಿಕೊಂಡು, ತಲೆ ಎತ್ತದೆ ನನ್ನನ್ನು ಕೇಳಿದರು, "ಅಯ್ಯಾ, ಮನೇಲಿ ಯಾರಿಗಾದ್ರೂ ಶುಗರ್ ಇತ್ತಾ?"

"ಇವ್ಳ ಅಮ್ಮಂಗಿತ್ತು. ನನ್ ತಂಗಿ."

"ಮಾತ್ರೆನಾ, ಸೂಜಿನಾ?"

"ಸೂಜಿ. ಹದಿನಾಲ್ಕನೇ ವಯಸ್ಸಿಂದ."

ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಆಮೇಲೆ ಮತ್ತೆ ಪೆನ್ನೆತ್ತಿ ಇನ್ನೊಂದು ರಕ್ತಪರೀಕ್ಷೆ ಬರೆದರು. ಅದರಲ್ಲಿ ಅಂಕಿ ಆಕಾಶದಲ್ಲಿತ್ತು. ಬಾಯೊಳಗಿಂದ ಪೈಪು ಬಿಟ್ಟು ಕರುಳಿನ ಚೂರು ತೆಗೆದು ನೋಡಿದರು. ಸೀಲಿಯಾಕ್ ಅಂತೆ ಕಾಯಿಲೆಯ ಹೆಸರು. ಗೋಧಿ, ಬಾರ್ಲಿ ಇಂಥದ್ದು ಹೊಟ್ಟೆಗೆ ಬಿದ್ದರೆ ಮೈಯೇ ತಿರುಗಿಬಿದ್ದು ತನ್ನ ಕರುಳನ್ನು ತಾನೇ ಸವೆಸುತ್ತದಂತೆ. ಕರುಳು ಸವೆದರೆ ತಿಂದದ್ದು ಮೈಗೆ ಹತ್ತುವುದಿಲ್ಲ, ನುಂಗಿದ ಮಾತ್ರೆಯೂ ಹತ್ತುವುದಿಲ್ಲ. "ಗೋಧಿ ತಿಂದು ಯಾರಿಗಮ್ಮ ಕಾಯ್ಲೆ ಬತ್ತದೆ? ನಾರ್ತ್‌ನೋರೆಲ್ಲ ಮೂರೊತ್ತೂ ಅದನ್ನೇ ತಿಂತಾರೆ" ಅಂತ ನಾನು ಜಗಳಕ್ಕೇ ನಿಂತೆ. "ಅವರಲ್ಲೂ ಇದು ಬರುತ್ತೆ ಅಯ್ಯಾ, ಸಲ್ಪ ಕೂತ್ಕೊಳಿ" ಅಂದರು.

ಅವತ್ತು ಅವರು ಹೇಳಿದ್ದನ್ನು ನಾನು ನನ್ನ ರೀತಿಯಲ್ಲಿ ತಿಳಿದುಕೊಂಡೆ. ಮೈ ಕಾಯುವುದಕ್ಕೆ ಒಳಗೊಂದು ನಾಯಿ ಇರುತ್ತದೆ ಅಂದುಕೋ. ಕೆಲವರ ಮನೆತನದಲ್ಲಿ ಅದಕ್ಕೆ ಬುದ್ಧಿ ಕೆಟ್ಟು ಮನೆಯವರನ್ನೇ ಕಚ್ಚುತ್ತದೆ. ಒಂದು ಕಡೆ ಕಚ್ಚಿದ ನಾಯಿ ಇನ್ನೊಂದು ಕಡೆಯೂ ಕಚ್ಚಬಹುದು. ಇನ್ಸುಲಿನ್ ಮಾಡುವ ಜಾಗಕ್ಕೆ ಬಾಯಿ ಹಾಕಿದರೆ ನಿನ್ನ ಥರ ಹುಡುಗಿ ವಯಸ್ಸಿಗೇ ಸಕ್ಕರೆ. ಗಂಟಲಿನ ಗ್ರಂಥಿಗೆ ಹಾಕಿದರೆ ಥೈರಾಯ್ಡ್. ಕರುಳಿಗೆ ಹಾಕಿದರೆ ಇದು. ಒಂದಿದ್ದವರಿಗೆ ಇನ್ನೊಂದು ಇದ್ದೇ ಇರಬೇಕೆಂದಿಲ್ಲ, ಆದರೆ ಒಂದು ಕಂಡರೆ ಇನ್ನೊಂದನ್ನು ಹುಡುಕಬೇಕಂತೆ. ನಿನ್ನಲ್ಲಿ ಯಾರು ಹುಡುಕಿದರು? ಒಡಹುಟ್ಟಿದವನು ಅಂತ ನನ್ನ ರಕ್ತವನ್ನೂ ತೆಗೆದರು. ನನಗೆ ಏನೂ ಇಲ್ಲ. ಚೀಟಿ ನೋಡಿ ಸಂತೋಷ ಪಡಬೇಕಿತ್ತು, ಕೋಪ ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಬಾಗಿಲು ದಾಟುವಾಗ ತಡೆಯಲಾರದೆ ಕೇಳಿಯೇಬಿಟ್ಟೆ, ಉಂಡ ಮೇಲೂ ನನ್ನ ತಂಗಿಗೆ ಶುಗರ್ ಬೀಳುತ್ತಿತ್ತು, ಯಾಕೆ ಅಂತ. ಡಾಕ್ಟರಮ್ಮ, "ಅವರಿಗೂ ಇದೇ ಇದ್ದಿರಬಹುದು. ಇಲ್ಲದೇನೂ ಇರಬಹುದು. ಟೆಸ್ಟ್ ಮಾಡದೆ ನಾನು ಹೇಳಲ್ಲ. ಆದ್ರೆ ಊಟ ಮೈಗೆ ಹತ್ತದಿದ್ರೆ, ಸೂಜಿ ಮಾತ್ರ ಕೆಲಸ ಮಾಡುತ್ತೆ ಅಯ್ಯಾ. ಶುಗರ್ ಬೀಳುತ್ತೆ" ಅಂದರು. ನಾನು ಮೆಟ್ಟಿಲ ಮೇಲೆ ಕೂತೆ. ಜನ ದಾಟಿಕೊಂಡು ಹೋದರು.

ಸುಮ ಗೋಧಿ ಬಿಟ್ಟ ರೀತಿಯನ್ನು ನೀನು ನೋಡಬೇಕಿತ್ತು. ಚಪಾತಿ, ಪೂರಿ, ಬನ್ನು, ರವೆ, ಶಾವಿಗೆ ಎಲ್ಲ ಬಿಟ್ಟಳು. ಇಂಗಿನ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ, ಅದರಲ್ಲೂ ಗೋಧಿ ಹಿಟ್ಟು ಬೆರೆಸಿರುತ್ತಾರೆ ಅಂತ ಎತ್ತಿಟ್ಟಳು. ಸತ್ಯನಾರಾಯಣ ಪೂಜೆಯಲ್ಲಿ ಸಜ್ಜಿಗೆ ಪ್ರಸಾದ ಕೊಟ್ಟರೆ ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟುಬಿಟ್ಟಳಂತೆ. ಅವಳ ಅತ್ತೆ ಅವತ್ತೇ ಮುಖ ಊದಿಸಿದ್ದು. ಮೂರು ಹೊತ್ತೂ ಅನ್ನ ತಿಂದು ಬೇಜಾರಾದವಳಿಗೆ ಡಾಕ್ಟರಮ್ಮ ರಾಗಿ ಎಷ್ಟು ಬೇಕಾದರೂ ತಿನ್ನು ಅಂದಿದ್ದರು. ನನಗೆ ಅಷ್ಟು ಸಾಕು. ಹೊರಗಿನ ಹಿಟ್ಟು ನಂಬಬೇಡ ಅಂತ ತಿಂಗಳು ತಿಂಗಳು ಇಲ್ಲಿಂದ ನಾನೇ ಬೀಸಿ, ಬಿಳಿ ಚೀಲದಲ್ಲಿ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ ಕೊಟ್ಟು ಬರುತ್ತಿದ್ದೆ. ತವರಿನ ರಾಗಿ.

ಆರು ತಿಂಗಳಾದ ಮೇಲೆ ಮತ್ತೆ ರಕ್ತ ನೋಡಿದರು. ಅಂಕಿ ಇಳಿದೇ ಇರಲಿಲ್ಲ. ಡಾಕ್ಟರಮ್ಮ ಎಲ್ಲೋ ಗೋಧಿ ಹೋಗ್ತಿದೆ ಅಂದರು. ಅವಳ ಅತ್ತೆಗೆ ಅಷ್ಟು ಸಿಕ್ಕಿದ್ದೇ ಸಾಕಾಯಿತು. "ಫ್ಯಾಕ್ಟರಿ ಕ್ಯಾಂಟೀನಾಗೆ ಪೂರಿ ಹೊಡೀತಾಳೆ, ಮನೇಲಿ ನಾಟ್ಕ ಆಡ್ತಾಳೆ. ಇಂಥೋಳ ಹೊಟ್ಟೇಲಿ ಮಗು ಹೆಂಗ್ ನಿಂತಾತು?" ಅಂದಳಂತೆ, ಬೀದಿಗೆ ಕೇಳುವ ಹಾಗೆ. ಲೋಕೇಶ ತಲೆ ಬಗ್ಗಿಸಿ ನಿಂತಿದ್ದನಂತೆ. ಬಾಯಿ ಹತೋಟಿಗೆ ಬಂದ ಮೇಲೆ ಬಾ ಅಂತ ಬಟ್ಟೆ ಚೀಲ ಕೊಟ್ಟು ಇಲ್ಲಿಗೆ ಕಳಿಸಿದರು. ಅದಾಗಿ ಈಗ ಐದು ತಿಂಗಳು.

ಅವಳು ಬಂದ ದಿನ ನಾನೇನು ಮಾಡಿದೆ ಕೇಳು. ಚೀಲ ಇಳಿಸಿಕೊಳ್ಳಲಿಲ್ಲ, ನೀರು ಕೊಡಲಿಲ್ಲ. "ನಿಜ ಹೇಳು, ತಿಂದ್ಯಾ ಇಲ್ವಾ?" ಅಂದೆ.

"ಇಲ್ಲ ಮಾವ."

"ಒಂದ್ ಸಲಾನೂ?"

"ಇಲ್ಲ."

"ಮತ್ತೆ ಅಂಕಿ ಯಾಕ್ ಇಳೀಲಿಲ್ಲ? ರಕ್ತ ಸುಳ್ಳೇಳ್ತದಾ?"

ಅವಳು ಚೀಲವನ್ನು ತಾನೇ ಇಳಿಸಿ, ಹೊಸಲಿನ ಮೇಲೆ ಕೂತು, ಮೆತ್ತಗೆ ಅಂದಳು, "ಅಮ್ಮಂಗೂ ಹಿಂಗೇ ಕೇಳ್ತಿದ್ದೆ ನೀನು." ನಿನ್ನ ಅತ್ತಿಗೆ ಒಳಗಿನಿಂದ ಬಂದು, ನಲವತ್ತು ವರ್ಷದಲ್ಲಿ ಮೊದಲನೇ ಸಲ, ನನಗೆ "ಎದ್ದೋಗ್ರಿ ಆಚೆಗೆ" ಅಂದಳು. ಹೋದೆ.

ಇಲ್ಲಿ ಬರೆಯುವುದು ನಿಲ್ಲಿಸಬೇಕಾಯಿತು. ಹಿಂದಿನ ಬೀದಿಯ ಮುನಿರತ್ನ ಬಂದಿದ್ದಳು, ಡಬ್ಬದಲ್ಲಿ ಗೋಧಿ ಹಿಡಿದುಕೊಂಡು. ನಮ್ಮ ಮಿಷನ್ನಲ್ಲಿ ಗೋಧಿ ಹಾಕುವುದಿಲ್ಲ ಅಂತ ಬೋರ್ಡು ಬರೆಸಿ ನಾಲ್ಕು ತಿಂಗಳಾಯಿತು, ಅವಳು ಮಾತ್ರ ವಾರಕ್ಕೊಂದು ಸಲ ಬಂದು ಕೇಳಿಯೇ ಹೋಗುತ್ತಾಳೆ.

"ಇನ್ನೂ ಇಳೀಲಿಲ್ವಾ ಮಾವಯ್ಯ, ಗೋಧಿ ಮ್ಯಾಲಿನ್ ಕೋಪ?"

"ಓದಕ್ ಬರಲ್ವಾ ನಿಂಗೆ?"

"ಬತ್ತದೆ. ತಮಿಳ್ನಾಗೆ ಬರ್ಸು, ಓದ್ತೀನಿ."

"ತಮಿಳ್ನಾಗೂ ಇಲ್ಲ ಅಂತಾನೇ ಬರೆಯೋದು. ನಡಿ."

ನಗುತ್ತಾ ಹೋದಳು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆನೋ ಏನೋ. ಗಂಟೆ ಎರಡಾಯಿತು. ಸುಮ ಇನ್ನೂ ಫೋನು ಮಾಡಿಲ್ಲ. ಕೆಟ್ಟ ಸುದ್ದಿಯಾಗಿದ್ದರೆ ಫೋನಿನಲ್ಲಿ ಹೇಳುವುದಿಲ್ಲ, ಅವಳು ನಿನ್ನ ಹಾಗೆ.

ಸುಮ ಇಲ್ಲಿಗೆ ಬಂದ ಮೂರನೇ ವಾರ ಡಾಕ್ಟರಮ್ಮನ ಹತ್ತಿರ ನಾವಿಬ್ಬರೂ ಕೂತಿದ್ದೆವು. ಅವರು ಅವಳು ತಿನ್ನುವುದನ್ನೆಲ್ಲ ಬೆಳಿಗ್ಗೆಯಿಂದ ಸಂಜೆವರೆಗೆ ಒಂದೊಂದಾಗಿ ಕೇಳುತ್ತಾ, ರಾಗಿ ಮುದ್ದೆ ಅಂದಾಗ, "ಹಿಟ್ಟು ಎಲ್ಲಿ ಮಾಡಿಸ್ತೀರಾ?" ಅಂದರು.

"ನಮ್ದೇ ಮಿಷನ್ನು. ಕಲಬೆರಕೆ ಮಾತೇ ಇಲ್ಲ ಕಣಮ್ಮ, ನಲವತ್ತು ವರ್ಸದಿಂದ" ಅಂದೆ ಎದೆಯುಬ್ಬಿಸಿ.

"ಗೋಧಿನೂ ಅದರಲ್ಲೇನಾ?"

ನಾನು ಎದ್ದು ನಿಂತು ಕೂಗಾಡಿದೆ. ನನ್ನ ನಿಯತ್ತಿನ ಬಗ್ಗೆ ಮಾತಾಡಬೇಡಿ ಅಂದೆ. ಹೊರಗೆ ಕೂತಿದ್ದವರೆಲ್ಲ ಇಣುಕಿ ನೋಡಿದರು. ಸುಮ ನನ್ನ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತೆ. ಕೂಗಾಡಿದ್ದು ಯಾಕೆ ಅಂತ ನನಗೆ ಗೊತ್ತಿತ್ತು. ಡಾಕ್ಟರಮ್ಮ ಕೇಳಿದ ಕ್ಷಣವೇ ಗೊತ್ತಾಗಿತ್ತು.

ನಮ್ಮ ಮಿಷನ್ನಿನ ಪದ್ಧತಿ ನಿನಗೆ ಮರೆತಿರಲಾರದು, ಯಶೋದಾ. ಖಾರದ ಪುಡಿಗೆ ಬೇರೆ ಮಿಷನ್ನು, ಹಿಟ್ಟಿಗೆಲ್ಲ ಒಂದೇ. ರಾಗಿ ಬೀಸಿದ ಕಲ್ಲಿಗೆ ಗೋಧಿ ಹಾಕಿದರೆ ಹಿಟ್ಟು ಕಪ್ಪಾಯಿತು ಅಂತ ಗೋಧಿಯವರು ಕೂಗುತ್ತಾರೆ. ಅದಕ್ಕೆ ಬೆಳಿಗ್ಗೆ ಗೋಧಿ ಮೊದಲು, ಆಮೇಲೆ ರಾಗಿ. ಆದರೆ ಗೋಧಿ ಮುಗಿದಾಗ ಕಲ್ಲಿನ ಸಂದಿಯಲ್ಲಿ, ಕೆಳಗೆ ಹಿಟ್ಟು ಇಳಿಯುವ ಬಟ್ಟೆ ಚೀಲದಲ್ಲಿ ಒಂದಿಷ್ಟು ಗೋಧಿ ಹಿಟ್ಟು ಉಳಿದಿರುತ್ತದೆ. ಅದರ ಹಿಂದೆ ಯಾರ ರಾಗಿ ಬೀಳುತ್ತದೋ ಅವರ ಹಿಟ್ಟಿಗೆ ಅದು ಸೇರುತ್ತದೆ. ಗಿರಾಕಿಯ ಹಿಟ್ಟಿನಲ್ಲಿ ಇನ್ನೊಬ್ಬರದು ಬೆರೆಯಬಾರದು, ಅದು ನನ್ನ ಹಟ. ಅದಕ್ಕೆ ಗೋಧಿ ಆದ ಕೂಡಲೇ ನಾನು ಯಾವಾಗಲೂ ಮೊದಲು ಹಾಕುತ್ತಿದ್ದದ್ದು ನಮ್ಮ ಮನೆಯ ರಾಗಿ. ಕಲ್ಲು ಶುದ್ಧವಾಗುವುದು ಮನೆ ರಾಗಿಯಲ್ಲಿ. ಆಮೇಲೆ ಬಂದವರಿಗೆಲ್ಲ ಚೊಕ್ಕ ಹಿಟ್ಟು. ಬೇರೆ ಮಿಷನ್ನಿನವರು ಯಾರೂ ಹೀಗೆ ಮಾಡುವುದಿಲ್ಲ, ಬಾಗಲೂರಿನವರೆಲ್ಲ ನನ್ನ ಹತ್ತಿರವೇ ಬರುವುದು ಅದಕ್ಕೇ, ಅಂತ ನಾನು ಎಷ್ಟು ಜನರ ಮುಂದೆ ಮೀಸೆ ತಿರುವಿಲ್ಲ?

ಮಾರನೇ ದಿನ ಗೋಧಿ ಮುಗಿಸಿ, ಎಂದಿನ ಹಾಗೆ ಮನೆ ರಾಗಿ ಸುರಿದು, ಬಟ್ಟೆ ಚೀಲದ ಬಾಯಿಗೆ ಕೈಯೊಡ್ಡಿದೆ. ಮೊದಲನೇ ಹಿಡಿ ಬೆಳ್ಳಗೆ ಬಂತು. ಎರಡನೆಯದೂ ಬೆಳ್ಳಗೆ. ಆಮೇಲೆ ನಿಧಾನವಾಗಿ ಕಪ್ಪಾಗುತ್ತಾ ಹೋಯಿತು. ನಲವತ್ತು ವರ್ಷದಿಂದ ಅದನ್ನು ದಿನಾ ನೋಡಿದ್ದೇನೆ. ಮನೆಯದು ತಾನೇ, ಏನಾಗುತ್ತದೆ ಅಂತ ಕೈಯಾಡಿಸಿ ಕಲೆಸಿಬಿಡುತ್ತಿದ್ದೆ. ಆ ಹಿಟ್ಟನ್ನೇ ಬಿಳಿ ಚೀಲದಲ್ಲಿ ಕಟ್ಟಿ, ತೊಡೆಯ ಮೇಲಿಟ್ಟುಕೊಂಡು, ನಿನ್ನ ಮಗಳಿಗೆ... ಗಿರಾಕಿಗೆ ಒಂದು ಚಿಟಿಕೆ ಬೆರೆಯಬಾರದು ಅಂತ ಹಟ ಮಾಡಿದವನು ನಾನು.

ಸುಮ ಅವತ್ತು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಹೋಗಿ ನಿಂತು ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಬಟ್ಟೆ ಹಿಂಡಿ, ಒದರಿ, ಹಗ್ಗಕ್ಕೆ ಹಾಕಿ, ಆಮೇಲೆ ನನ್ನ ಕಡೆ ತಿರುಗಿದಳು. ಅವಳು ಬಾಯಿ ಬಿಟ್ಟು ಬೈಯಲಿ ಅಂತ ನಾನು ಕಾಯುತ್ತಿದ್ದೆ.

"ಹಂಗಾರೆ ನಾನ್ ತಿಂದಿಲ್ಲ ಅಂತ ಒಪ್ಕತೀಯ?"

"ಒಪ್ಕೊಂಡೆ."

"ಅಮ್ಮನೂ?"

ಅವಳಿಗೂ ಇದೇ ಇತ್ತು ಅಂತ ಡಾಕ್ಟರಮ್ಮನೇ ಗಟ್ಟಿಯಾಗಿ ಹೇಳ್ಲಿಲ್ವಲ್ಲಮ್ಮ ಅಂತ ಏನೋ ಒದರಿದೆ. "ಕಾಯ್ಲೆ ಯಾವ್ದಂತ ನಾನ್ ಕೇಳ್ಲಿಲ್ಲ ಮಾವ. ಅಮ್ಮ ಉಂಡ್ಳಾ ಇಲ್ವಾ? ನೀನೇ ಎದುರ್ಗೆ ಕೂತಿದ್ಯಲ್ಲ" ಅಂದಳು. ಎಂಟೊಂಬತ್ತು ವರ್ಷದ ಹುಡುಗಿ ಅವತ್ತು ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು ಅಂತ ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತಾ? ಉಂಡ್ಳು ಅಂದೆ. ಎಷ್ಟು ಅಂದಳು. ಮೂರು ಅಂದೆ. "ಇದ್ನ ನಂಗೇಳಿದ್ದು ಸಾಕು. ಯಾರ್ಗೆ ಹೇಳ್ಬೇಕೋ ಅವ್ರ್ಗೆ ಹೇಳು" ಅಂದು ಇನ್ನೊಂದು ಬಟ್ಟೆ ಕೈಗೆತ್ತಿಕೊಂಡಳು. ನಾಲ್ಕು ತಿಂಗಳಿಂದ ನಾನು ಅದನ್ನು ಮುಂದಕ್ಕೆ ಹಾಕಿಕೊಂಡೇ ಬಂದೆ, ಇವತ್ತು ಮೊದಲು ನಿನಗೆ ಹೇಳಲು ಕೂತಿದ್ದೇನೆ.

ಆಮೇಲೆ ಹಳೇ ಕಲ್ಲು ತೆಗೆಸಿದೆ. ಮಿಷನ್ ಬಿಚ್ಚಿ ಒಂದೊಂದು ಭಾಗವನ್ನೂ ತಿಕ್ಕಿ ತೊಳೆದೆ, ಹೊಸ ಕಲ್ಲು ಕೂರಿಸಿದೆ, ಬಟ್ಟೆ ಚೀಲ ಸುಟ್ಟೆ. ಜಂತಿಯ ಮೇಲೆ ಕೂತಿದ್ದ ಹಿಟ್ಟಿನ ಧೂಳನ್ನು ಏಣಿ ಹಾಕಿ ಒರೆಸುವಾಗ ನಿನ್ನ ಅತ್ತಿಗೆ ಕೆಳಗೆ ನಿಂತು, "ಬೀಳ್ಬ್ಯಾಡ್ರಿ, ನಿಮ್ಮನ್ ಎತ್ತೋ ಶಕ್ತಿ ಯಾರ್ಗೂ ಇಲ್ಲ" ಅಂತ ಏಣಿ ಹಿಡಿದುಕೊಂಡಿದ್ದಳು. ಅವತ್ತಿನಿಂದ ಈ ಮಿಷನ್ನಲ್ಲಿ ಗೋಧಿ ಇಲ್ಲ. ಸುಮ ಅದೇ ಅನ್ನ, ಅದೇ ಸೊಪ್ಪಿನ ಸಾರು, ಅದೇ ಮುದ್ದೆ ತಿಂದಳು. ಬೇರೆ ಏನನ್ನೂ ಬದಲಾಯಿಸಬೇಡ ಅಂತ ನಾನೇ ಹೇಳಿದೆ. ಬದಲಾದದ್ದು ಕಲ್ಲು ಒಂದೇ ಆಗಿರಬೇಕು, ಆಗ ತಾನೇ ಯಾರ ತಪ್ಪು ಅಂತ ಗೊತ್ತಾಗುವುದು? ಅವಳ ಮುಖಕ್ಕೆ ಸ್ವಲ್ಪ ಬಣ್ಣ ಬಂದಿದೆ ಅಂತ ನಿನ್ನ ಅತ್ತಿಗೆ ಅನ್ನುತ್ತಾಳೆ. ನನಗೆ ಹಾಗೇ ಕಾಣುತ್ತದೆ, ಆದರೆ ನನ್ನ ಕಣ್ಣನ್ನು ನಾನು ಈಗ ನಂಬುವುದಿಲ್ಲ.

ಬಂದಳು. ಬೀದಿ ತಿರುವಿನಲ್ಲಿ ಅವಳ ನೀಲಿ ಚೂಡಿದಾರ ಕಾಣುತ್ತಿದೆ. ನಿಧಾನಕ್ಕೆ ಬರುತ್ತಿದ್ದಾಳೆ. ಯಾಕೆ ಇಷ್ಟು ನಿಧಾನ...

ಈಗ ಸಂಜೆ ಆರು ಗಂಟೆ. ಇಳಿದಿದೆ ಯಶೋದಾ. ಪೂರ್ತಿ ಇಳಿದಿಲ್ಲ, ಮೊದಲಿದ್ದದ್ದರಲ್ಲಿ ಅರ್ಧಕ್ಕಿಂತ ಕೆಳಗೆ ಬಂದಿದೆ. ಹೀಗೇ ಇದ್ದರೆ ಇನ್ನೂ ಇಳಿಯುತ್ತದೆ, ಕರುಳು ನಿಧಾನವಾಗಿ ಸರಿಹೋಗುತ್ತದೆ, ಥೈರಾಯ್ಡ್ ಮಾತ್ರೆಯ ಪವರನ್ನೂ ಕಮ್ಮಿ ಮಾಡಿ ನೋಡೋಣ ಅಂದರಂತೆ ಡಾಕ್ಟರಮ್ಮ. ಮಗುವಿನ ವಿಷಯಕ್ಕೆ ಅವಸರ ಬೇಡ, ಆಸೆಯನ್ನೂ ಬಿಡಬೇಡ ಅಂದರಂತೆ. ನಿಧಾನಕ್ಕೆ ಬಂದದ್ದು ಯಾಕೆ ಅಂದರೆ ಚಪ್ಪಲಿ ಕಿತ್ತುಹೋಗಿತ್ತು. ಹುಡುಗಿಗೆ ನನ್ನ ಪ್ರಾಣ ತೆಗೆಯುವುದು ಗೊತ್ತು.

ಲೋಕೇಶನಿಗೆ ಫೋನು ಹಚ್ಚು, ನಾನು ಮಾತಾಡುತ್ತೇನೆ ಅಂದೆ. ಸುಮ ಫೋನು ಕೊಡಲಿಲ್ಲ. "ಫೋನ್‌ನಾಗ್ ಬ್ಯಾಡ. ನನ್ನ ಬೀದಿಗ್ ಕೇಳಂಗ್ ಅಂದವ್ರೆ. ನೀನೂ ಬೀದಿಗ್ ಕೇಳಂಗ್ ಹೇಳ್ಬೇಕು" ಅಂದಳು. ವಾಪಸ್ ಹೋಗ್ತೀಯಾ ಅಂತ ಕೇಳಿದೆ. "ಅದ್ನ ಅವ್ರು ಬಂದು ಕರ್ದಾಗ ನೋಡ್ಕೋತೀನಿ. ಇವ್ಳ್ನ ಕರ್ಕೊಂಡೋಗಿ ಅಂತ ನೀನ್ ಅಲ್ಲಿ ಕೇಳ್ಕೂಡ್ದು" ಅಂದಳು. ಸರಿಯಾಗಿ ಹೇಳಿದ್ದಾಳೆ. ನಿನಗೆ ಈ ಗಟ್ಟಿತನ ಇದ್ದಿದ್ದರೆ ನನ್ನ ಕೆನ್ನೆಗೆ ಎರಡು ಬಿಡುತ್ತಿದ್ದೆ, ಒಳ್ಳೆಯದೇ ಆಗುತ್ತಿತ್ತು.

ನಾಳೆ ಬೆಳಿಗ್ಗೆ ಎಂಟರ ಬಸ್ಸಿಗೆ ತೊರಪಲ್ಲಿಗೆ ಹೋಗುತ್ತೇನೆ. ಅವಳ ಅತ್ತೆಯ ಮನೆ ಮುಂದಿನ ಜಗಲಿಯಲ್ಲಿ ನಿಂತು, ಈ ಹುಡುಗಿ ಕದ್ದು ತಿನ್ನಲಿಲ್ಲ, ಗೋಧಿ ಹಾಕಿದವನು ನಾನು ಅಂತ ಹೇಳುತ್ತೇನೆ. ಅಷ್ಟಕ್ಕೇ ನಿಲ್ಲಿಸುವುದಿಲ್ಲ. ನನ್ನ ತಂಗಿ ಯಶೋದ ಉಣ್ಣದೆ ಸಾಯಲಿಲ್ಲ, ಉಂಡೇ ಸತ್ತಳು, ಉಂಡೆ ಅಂತ ಹೇಳುತ್ತಲೇ ಇದ್ದಳು, ನಾನು ಎಲ್ಲರ ಮುಂದೆ ಸುಳ್ಳು ಹೇಳಿದೆ ಅಂತಲೂ ಹೇಳುತ್ತೇನೆ. ನಿನ್ನ ಹನ್ನೊಂದನೇ ದಿನಕ್ಕೆ ಬಂದಿದ್ದವರಲ್ಲಿ ಉಳಿದಿರುವವರ ಮನೆಗಳಿಗೂ ಒಂದೊಂದಾಗಿ ಹೋಗುತ್ತೇನೆ, ಜವಳಗಿರಿಯ ತನಕ. ಸುಮ ಜೊತೆಗೆ ಬರುತ್ತಾಳಂತೆ, ನಾನು ಅರ್ಧ ಹೇಳಿ ಅರ್ಧ ನುಂಗಿದರೆ ಅಂತ.

ಅಲ್ಲಿ ಕೋಪ ಮಾಡಿಕೊಳ್ಳುವುದಿಲ್ಲ ಅಂತ ನಿನಗೆ ಮಾತು ಕೊಡಲಾರೆ, ಕೊಟ್ಟರೂ ನೀನು ನಂಬುವುದಿಲ್ಲ. ಇಷ್ಟು ಮಾತ್ರ ಕೊಡುತ್ತೇನೆ. ಕೋಪ ಬಂದರೂ, ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಅದನ್ನು ಹೊರಗೆ ನಿಲ್ಲಿಸಿರುತ್ತೇನೆ.

ನಿನ್ನ ಅಣ್ಣ